ಗಾಳಿ ಕೂತಿದ್ದ ಜಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಂಡವರಿಗೆ ಪುಟ್ಟ ಸಿರಿಂಜಿನಲ್ಲಿ ಸಿಗುವ ಬೂದುಬಣ್ಣದ ಥರ್ಮಲ್ ಪೇಸ್ಟ್ ಗೊತ್ತಿರುತ್ತದೆ. ಪ್ರೊಸೆಸರ್ ಮೇಲೆ ಕೂಲರ್ ಕೂರಿಸುವಾಗ ಎರಡರ ನಡುವೆ ಹಚ್ಚುವ ವಸ್ತು ಅದು. ಶಾಖವನ್ನು ಸಾಗಿಸುವುದೇ ಅದರ ಕೆಲಸವಾದ ಮೇಲೆ ಜಾಸ್ತಿ ಹಚ್ಚಿದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಲೋಹದ ಮುಂದೆ ಅದು ತೀರಾ ಬಡಪಾಯಿ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಅಂಕಿಗಳನ್ನೇ ನೋಡಿ. ಒಂದೇ ಅಳತೆಗೋಲಿನಲ್ಲಿ ತಾಮ್ರದ ಶಾಖವಾಹಕತೆ ಸುಮಾರು 400, ಸಾಧಾರಣ ಪೇಸ್ಟಿನದು 5ರ ಆಸುಪಾಸು, ಗಾಳಿಯದು 0.026. ಪ್ರೊಸೆಸರಿನ ಲೋಹದ ಮುಚ್ಚಳ, ಕೂಲರಿನ ತಳ ಎರಡೂ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದ ಕೆಳಗೆ ಬರೀ ಗೀರು, ತಗ್ಗು, ದಿಬ್ಬ. ಒತ್ತಿ ಕೂರಿಸಿದರೆ ದಿಬ್ಬಗಳಷ್ಟೇ ಒಂದಕ್ಕೊಂದು ತಾಗುತ್ತವೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಪೇಸ್ಟು ಬರುವುದು ಈ ಗಾಳಿಯನ್ನು ಹೊರಗಟ್ಟಲು.

ಘನವಸ್ತುವಿನಲ್ಲಿ ಶಾಖ ಹರಿಯುವ ಲೆಕ್ಕವನ್ನು ಫ್ರಾನ್ಸಿನ ಜೋಸೆಫ್ ಫೋರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಟ್ಟಿದ್ದಾನೆ. ಇನ್ನೂರು ವರ್ಷ ಹಳೆಯ ಆ ಸೂತ್ರ ನಮ್ಮ ಮೇಜಿನ ಮೇಲೂ ನಡೆಯುತ್ತದೆ. 10 ಚದರ ಸೆಂಟಿಮೀಟರ್ ಜಾಗದಲ್ಲಿ 100 ವ್ಯಾಟ್ ಶಾಖ ಸಮನಾಗಿ ದಾಟಬೇಕು ಎನ್ನೋಣ. ನಡುವೆ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಗಾಳಿಯ ಪದರವಿದ್ದರೆ, ಅದನ್ನು ದಾಟುವಷ್ಟರಲ್ಲೇ 38 ಡಿಗ್ರಿ ವ್ಯತ್ಯಾಸ ಏರ್ಪಡುತ್ತದೆ. ಅಷ್ಟೇ ದಪ್ಪ ಪೇಸ್ಟಿದ್ದರೆ 0.2 ಡಿಗ್ರಿ. ಅದೇ ಪೇಸ್ಟು ಅರ್ಧ ಮಿಲಿಮೀಟರ್ ದಪ್ಪ ಉಳಿದುಬಿಟ್ಟರೆ 10 ಡಿಗ್ರಿ! ಗಾಳಿ ಇದ್ದ ಜಾಗಕ್ಕಷ್ಟೇ ಅದು ಬೇಕು. ತಾಮ್ರ ತಾಮ್ರವನ್ನು ಮುಟ್ಟಬಹುದಾದ ಕಡೆ ಅದು ಅಡ್ಡಿ.

ಆದ್ದರಿಂದ ಮಾಮೂಲಿ ಪ್ರೊಸೆಸರಿಗೆ ನಡುಮಧ್ಯೆ ಸಣ್ಣ ಬಟಾಣಿಯಷ್ಟು ಇಟ್ಟು, ಹರಡುವ ಕೆಲಸವನ್ನು ಕೂಲರಿನ ಒತ್ತಡಕ್ಕೇ ಬಿಡುವುದು ಲೇಸು. ನನ್ನ ಮಟ್ಟಿಗೆ ಪೇಸ್ಟಿನ ಬ್ರ್ಯಾಂಡಿಗಿಂತ ಆ ಒತ್ತಡವೇ ದೊಡ್ಡದು. ಒಂದು ಸ್ಕ್ರೂವನ್ನೇ ಪೂರ್ತಿ ಬಿಗಿದರೆ ಕೂಲರ್ ಒಂದು ಕಡೆಗೆ ವಾಲಿ ಪೇಸ್ಟು ಇನ್ನೊಂದು ಕಡೆ ದಪ್ಪಗೆ ಉಳಿಯುತ್ತದೆ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ತಿರುಗಿಸುತ್ತಾ ಬರಬೇಕು. ಕೂರಿಸಿದ ಮೇಲೆ ಸರಿಯಾಗಿ ಹರಡಿದೆಯೇ ಎಂದು ಎತ್ತಿ ನೋಡಿದರೆ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ. ಆಗ ಎಲ್ಲವನ್ನೂ ಒರೆಸಿ ಹೊಸದಾಗಿ ಹಚ್ಚುವುದೊಂದೇ ದಾರಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದನ್ನಂತೂ ಮರೆಯುವಂತಿಲ್ಲ.

ಕೆಲವು ವರ್ಷ ದುಡಿದ ಯಂತ್ರದ ಕೂಲರ್ ಬಿಚ್ಚಿ ನೋಡಿ. ಕಾದು ಆರಿ, ಕಾದು ಆರಿ, ಪೇಸ್ಟು ಅಂಚಿಗೆ ಸರಿದು ದಿಂಡುಗಟ್ಟಿರುತ್ತದೆ. ನಡುವೆ, ಶಾಖ ಅತಿ ಹೆಚ್ಚಿರುವಲ್ಲೇ, ಲೋಹ ಬೋಳಾಗಿರುತ್ತದೆ ಇಲ್ಲವೇ ಉಗುರಿಗೆ ಪುಡಿಯಾಗಿ ಉದುರುವ ಹಕ್ಕಳೆ ಇರುತ್ತದೆ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಫ್ಯಾನು ಬೊಬ್ಬಿರಿಯುತ್ತದೆ, ಮನೆಯವರು ಕಂಪ್ಯೂಟರಿಗೆ ವಯಸ್ಸಾಯಿತು ಎಂದು ಹೊಸದಕ್ಕೆ ದುಡ್ಡು ಹೊಂದಿಸತೊಡಗುತ್ತಾರೆ. ಅದಕ್ಕೆ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳೆಯದನ್ನು ಒರೆಸಿ, ಹೊಸ ಪೇಸ್ಟು ಹಚ್ಚಿ ಒಂದು ವಾರ ನಡೆಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.