ಬೀಗದ ಬೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂಬ ಮಾತಿಗೆ ಒಂದು ಕಾಲದಲ್ಲಿದ್ದ ಭಯಂಕರವಾದ ಅರ್ಥವನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಅಟ್ಟದ ಮೇಲಿನಿಂದ ಸತ್ತ ಇಲಿಯೊಂದು ಬಿದ್ದಿತೆಂದರೆ ಪ್ಲೇಗು ಊರನ್ನು ಹೊಕ್ಕಿತೆಂದೇ ತಿಳಿದು, ಜನರು ಮಕ್ಕಳು ಮರಿ, ಪಾತ್ರೆ ಪಡಗ, ದನಕರುಗಳೊಡನೆ ಹೊರಟು, ಊರಾಚೆಯ ಹೊಲಗಳಲ್ಲಿ ಗುಡಿಸಲುಗಳನ್ನು ಹಾಕಿಕೊಂಡು, ಇಲಿ ಬೀಳುವುದು ನಿಂತಿತೆಂಬ ಸುದ್ದಿ ಬರುವವರೆಗೆ ಅಲ್ಲಿಯೇ ಬಾಳುತ್ತಿದ್ದರು. ಅವರು ಮನೆಗೆ ಬೀಗ ಹಾಕಿದರೇ ಹೊರತು ಹೊಲಕ್ಕೆ ಬೆನ್ನು ಹಾಕಲಿಲ್ಲ. ಗುಡಿಸಲಿನ ಮುಂದೆ ಒಲೆ ಉರಿಯುತ್ತಿತ್ತು, ಹಸು ಹಾಲು ಕೊಡುತ್ತಿತ್ತು, ರಾಗಿಯ ಪೈರಿಗೆ ಕುಂಟೆ ಹೊಡೆಯುವ ಕೆಲಸವೂ ನಡೆದೇ ಇತ್ತು. ರೋಗದಿಂದ ದೂರ ಸರಿಯಬೇಕು, ಅನ್ನದಿಂದ ದೂರ ಸರಿಯಬಾರದು ಎಂಬ ವಿವೇಕವನ್ನು ಆ ಜನ ಯಾವ ಗ್ರಂಥದಿಂದಲೂ ಕಲಿತವರಲ್ಲ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ದೇಶವನ್ನುದ್ದೇಶಿಸಿ ಮಾತನಾಡಿ, ಕೋವಿಡ್ ರೋಗವನ್ನು ತಡೆಯಲೆಂದು ಅಂದಿನ ನಡುರಾತ್ರಿಯಿಂದಲೇ 21 ದಿನಗಳ ಲಾಕ್‌ಡೌನನ್ನು ಸಾರಿದಾಗ, ಈ ವಿವೇಕದ ಪ್ರಶ್ನೆ ಎಂದಿಗಿಂತಲೂ ತೀಕ್ಷ್ಣವಾಗಿ ನಮ್ಮೆದುರಿಗೆ ಬಂದು ನಿಂತಿತು. ಏಕೆಂದರೆ ನಗರದ ಕೂಲಿಕಾರನಿಗೆ ಬಿಟ್ಟು ಹೋಗಬೇಕಾದ ಮನೆಯೊಂದು, ಬಿಡದೆ ಹಿಡಿಯಬೇಕಾದ ಹೊಲವೊಂದು ಎಂಬ ವಿಂಗಡಣೆಯೇ ಇಲ್ಲ. ಅವನ ಹೊಲವೆಂಬುದು ಇನ್ನೊಬ್ಬರ ಅಂಗಡಿಯಲ್ಲಿಯೋ ಕಟ್ಟಡದಲ್ಲಿಯೋ ಇದ್ದು, ಅದಕ್ಕೆ ಬೀಗ ಬಿದ್ದ ದಿನವೇ ಅವನ ಒಲೆ ಆರುತ್ತದೆ. ಆ ದಿನಗಳಲ್ಲಿ ವಿದ್ಯಾವಂತರ ನಡುವೆ ನಡೆದ ಚರ್ಚೆ ಮಾತ್ರ ಪ್ರಾಣ ಮುಖ್ಯವೋ ಜೀವನೋಪಾಯ ಮುಖ್ಯವೋ ಎಂಬ ರೂಪವನ್ನು ತಾಳಿ, ಎರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲು ತೊಡಗಿತು. ಒಂದು ಮೇಲೇಳಬೇಕಾದರೆ ಇನ್ನೊಂದು ಕೆಳಗಿಳಿಯಲೇಬೇಕೆಂಬ ಈ ಭಾವನೆಯೇ ನಮ್ಮನ್ನು ದಾರಿತಪ್ಪಿಸಿತೆಂದು ನನ್ನ ಅಭಿಪ್ರಾಯ.

ಅಂಗಡಿಯ ಬಾಗಿಲನ್ನು ಮುಚ್ಚಿಸುವುದು ಸರ್ಕಾರದ ಆಜ್ಞೆಯೊಂದೇ ಅಲ್ಲ. ಗಿರಾಕಿಯ ಭಯವೂ ಮುಚ್ಚಿಸುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸಿವರ್‌ಸನ್ ಎಂಬಿಬ್ಬರು, 2020ರಲ್ಲಿ ಅಮೆರಿಕದ ಅಕ್ಕಪಕ್ಕದ ಪ್ರದೇಶಗಳಲ್ಲಿ ಒಂದು ಕಡೆ ನಿರ್ಬಂಧವಿದ್ದು ಇನ್ನೊಂದು ಕಡೆ ಇಲ್ಲದಿದ್ದಾಗ ಅಂಗಡಿಗಳಿಗೆ ಬರುವ ಜನರ ಸಂಖ್ಯೆ ಹೇಗೆ ಬದಲಾಯಿತೆಂಬುದನ್ನು ಮೊಬೈಲ್ ಫೋನುಗಳ ದಾಖಲೆಯಿಂದ ಲೆಕ್ಕಹಾಕಿದರು. ಗಿರಾಕಿಗಳ ಓಡಾಟ ನೂರಕ್ಕೆ 60ರಷ್ಟು ಇಳಿದಿದ್ದರೆ, ಅದರಲ್ಲಿ ಕಾನೂನಿನ ನಿರ್ಬಂಧದ ಪಾಲು 7ರಷ್ಟು ಮಾತ್ರವೆಂದು ಅವರಿಗೆ ಕಂಡುಬಂತು. ಆ ದೇಶದ ಲೆಕ್ಕವನ್ನು ನಮ್ಮ ದೇಶಕ್ಕೆ ಹಾಗೆಯೇ ಹೊಂದಿಸಲಾಗದು. ಆದರೆ ರೋಗವನ್ನು ಅದರ ಪಾಡಿಗೆ ಬಿಟ್ಟು ವ್ಯಾಪಾರವನ್ನು ಮಾತ್ರ ಉಳಿಸಿಕೊಳ್ಳುವೆವೆಂಬ ಎಣಿಕೆ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಅಷ್ಟು ಸಾಕು. ಶತಮಾನದ ಹಿಂದೆ, 1918ರ ಸೆಪ್ಟೆಂಬರ್ 28ರಂದು, ಇನ್‌ಫ್ಲುಯೆಂಜಾ ಊರೊಳಗೆ ಕಾಲಿಟ್ಟಿದ್ದರೂ ಫಿಲಡೆಲ್ಫಿಯಾ ನಗರವು ಯುದ್ಧಸಾಲದ ಪತ್ರಗಳನ್ನು ಮಾರುವುದಕ್ಕಾಗಿ ಮಹಾ ಮೆರವಣಿಗೆಯೊಂದನ್ನು ನಡೆಸಿತು. ಬೊಕ್ಕಸದ ಹಿತಕ್ಕಾಗಿ ಜನರ ಹಿತವನ್ನು ಹಿಂದಿಟ್ಟ ಆ ನಗರ ವಾರ ಕಳೆಯುವುದರೊಳಗಾಗಿ ಶಾಲೆ, ನಾಟಕಶಾಲೆ, ಇಗರ್ಜಿಗಳನ್ನೆಲ್ಲ ಮುಚ್ಚಬೇಕಾಯಿತು. ಹೆಣಗಳನ್ನು ಹೂಳುವವರೂ ಸಾಲದೆ ಹೋದರು.

ಹಾಗೆಂದು ನಿರ್ಬಂಧವನ್ನು ಆಕ್ಷೇಪಿಸಿದವರೆಲ್ಲರೂ ಲಾಭಕೋರರೆಂದು ತಳ್ಳಿಹಾಕುವುದು ಅನ್ಯಾಯವಾಗುತ್ತದೆ. ಹಸಿವೂ ಕೊಲ್ಲುತ್ತದೆ, ಸಾಲವೂ ಕೊಲ್ಲುತ್ತದೆ. 2020ರ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳುಗಳಲ್ಲಿ ನಮ್ಮ ದೇಶದ ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಹತ್ತಿರ ಹತ್ತಿರ ಕಾಲುಭಾಗ ಕುಗ್ಗಿತು. ಈ ಕಾಲುಭಾಗವೆಂಬುದು ಅಂಕಿಯಾಗಿ ಕಾಣುವುದಕ್ಕಿಂತ ಒಂದು ಸೇವಂತಿಗೆಯ ತೋಟದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಹೂವಿಗೆ ನಾಳೆ ಎಂಬುದಿಲ್ಲ. ರಾಗಿಯನ್ನು ಕಣಜಕ್ಕೆ ತುಂಬಬಹುದು, ಬೆಲ್ಲವನ್ನು ಅಟ್ಟಕ್ಕೇರಿಸಬಹುದು, ಬೆಳಗಿನ ಜಾವ ಬಿಡಿಸಿದ ಸೇವಂತಿಗೆ ಮಾತ್ರ ಸಂಜೆಯೊಳಗೆ ಮಾರಿಹೋಗಬೇಕು. ಮದುವೆಗಳು ನಿಂತು, ದೇವಸ್ಥಾನಗಳು ಮುಚ್ಚಿ, ಜಾತ್ರೆಗಳು ಇಲ್ಲವಾದ ಆ ಚೈತ್ರದಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ, ರೈತರು ಅರಳಿನಿಂತ ಹೂವಿನ ಮೇಲೆಯೇ ಟ್ರ್ಯಾಕ್ಟರ್ ಹಾಯಿಸಿ ಹೊಲವನ್ನು ಉತ್ತುಬಿಟ್ಟರು. ಮೇ 6ರಂದು ಕರ್ನಾಟಕ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ನೆರವಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರು, ಅಗಸರು, ಆಟೋ ಚಾಲಕರು ಇವರಿಗೆ ತಲಾ 5,000 ರೂಪಾಯಿ ಎಂದಿತ್ತು. ಕೊಟ್ಟದ್ದು ಸ್ವಲ್ಪವೆನ್ನಬಹುದು, ಆದರೆ ಎಲ್ಲರ ಕ್ಷೇಮಕ್ಕಾಗಿ ಕೆಲಸ ನಿಲ್ಲಿಸಿದವನಿಗೆ ಎಲ್ಲರೂ ಋಣಿಗಳೆಂಬ ತತ್ತ್ವವಾದರೂ ಅದರಲ್ಲಿ ಅಂಗೀಕೃತವಾಗಿತ್ತು.

ಅದೇ ವಾರದಲ್ಲಿ ಆ ತತ್ತ್ವಕ್ಕೆ ತೀರ ವಿರುದ್ಧವಾದ ಇನ್ನೊಂದು ಕಾರ್ಯವೂ ನಮ್ಮ ರಾಜ್ಯದಲ್ಲಿಯೇ ನಡೆಯಿತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ. ಹೊರರಾಜ್ಯಗಳ ಕೂಲಿಕಾರರನ್ನು ಊರಿಗೆ ಮುಟ್ಟಿಸಲು ಮೇ 1ರಿಂದ ಶ್ರಮಿಕ ರೈಲುಗಳು ಓಡತೊಡಗಿದ್ದವು. ಮೇ 5ರಂದು, ಕಟ್ಟಡ ನಿರ್ಮಾಪಕರೊಡನೆ ಸಮಾಲೋಚನೆ ನಡೆದ ತರುವಾಯ, ಕೆಲಸ ಪುನಃ ಆರಂಭವಾಗಬೇಕಾಗಿದೆ, ಜನ ಬೇಕಾಗಿದ್ದಾರೆ ಎಂಬ ಕಾರಣದಿಂದ, ಕರ್ನಾಟಕವು ತನ್ನ ರೈಲುಗಳ ಕೋರಿಕೆಯನ್ನು ಹಿಂತೆಗೆದುಕೊಂಡಿತು. ದೇಶದಾದ್ಯಂತ ಖಂಡನೆ ಬಂದಮೇಲೆ ಕೆಲವೇ ದಿನಗಳಲ್ಲಿ ಆ ತಪ್ಪನ್ನು ತಿದ್ದಿಕೊಂಡದ್ದೂ ನಿಜ. ಆದರೆ ಒಂದು ತಿಂಗಳಿನಿಂದ ಕೂಲಿಯನ್ನು ಕಾಣದೆ, ತಗಡಿನ ಷೆಡ್ಡಿನಲ್ಲಿ ಕುಳಿತು, ತಾಯಿತಂದೆಗಳನ್ನು ನೋಡುವೆನೆಂದು ಗಂಟುಮೂಟೆ ಕಟ್ಟಿಕೊಂಡವನನ್ನು ಆರ್ಥಿಕ ಚೇತರಿಕೆಯ ಹೆಸರಿನಲ್ಲಿ ತಡೆಯುವುದೆಂದರೇನು? ರೋಗ ತಡೆಯುವಾಗಲೂ ಅವನೇ ತೆರಬೇಕು, ವ್ಯಾಪಾರ ತೆರೆಯುವಾಗಲೂ ಅವನೇ ತೆರಬೇಕು. ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದಿನ ಸಮೀಪ, ಊರಿನ ಕಡೆಗೆ ನಡೆದೂ ನಡೆದೂ ಬಳಲಿ ರೈಲುಹಳಿಯ ಮೇಲೆಯೇ ನಿದ್ರೆಹೋದ 16 ಮಂದಿ ಕೂಲಿಕಾರರು ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತರು. ದಾರಿಗೆಂದು ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಗಳ ನಡುವೆ ಚೆಲ್ಲಿದ್ದವು. ಆ ಸಾವುಗಳನ್ನು ರೋಗದ ಲೆಕ್ಕಕ್ಕೆ ಬರೆಯಬೇಕೋ ಆರ್ಥಿಕ ಲೆಕ್ಕಕ್ಕೆ ಬರೆಯಬೇಕೋ ಹೇಳಬಲ್ಲವರು ಯಾರು?

ಬೀಗವೆಂಬುದು ಔಷಧವಲ್ಲ, ಅದು ಕೊಂಡುಕೊಂಡ ಕಾಲ. ಬಡವನ ಅನ್ನವನ್ನು ಅಡವಿಟ್ಟು ಕೊಂಡ ಆ ಕಾಲದಲ್ಲಿ ನಾವು ಏನನ್ನು ಮಾಡಿದೆವೆಂಬುದೇ ಇಡೀ ವ್ಯವಹಾರದ ನ್ಯಾಯಾನ್ಯಾಯಗಳನ್ನು ನಿರ್ಣಯಿಸುತ್ತದೆ. ಆಸ್ಪತ್ರೆಗಳಲ್ಲಿಯೇ ಆಮ್ಲಜನಕ ತಯಾರಿಸುವ 162 ಘಟಕಗಳಿಗೆ ಕೇಂದ್ರ ಸರ್ಕಾರ ಮಂಜೂರು ಮಾಡಿದ್ದ ಹಣ ಸುಮಾರು 201 ಕೋಟಿ ರೂಪಾಯಿ. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಉಕ್ಕಿಬಂದಾಗ ಅವುಗಳಲ್ಲಿ ಸ್ಥಾಪಿತವಾಗಿದ್ದವು 33. ನಮ್ಮ ರಾಜ್ಯದ ಪಾಲಿನ ಆಮ್ಲಜನಕವನ್ನು ದಿನಕ್ಕೆ 1,200 ಟನ್ನಿಗೆ ಏರಿಸಬೇಕೆಂದು ಮೇ 5ರಂದು ಹೈಕೋರ್ಟು ಆಜ್ಞೆ ಮಾಡಬೇಕಾಗಿ ಬಂತು. ಆ ವೇಳೆಗೆ ಊರೂರುಗಳಲ್ಲಿ ಮತ್ತೆ ಬಾಗಿಲುಗಳು ಮುಚ್ಚಿದ್ದವು. ಆರೋಗ್ಯಕ್ಕೆಂದು ತೆಗೆಯದಿದ್ದ ಹಣ ಉಳಿತಾಯವಾಗಲಿಲ್ಲ. ವ್ಯಾಪಾರಕ್ಕೆ ಅದರ ಎಷ್ಟೋ ಪಾಲು ಹೆಚ್ಚು ನಷ್ಟವಾಗಿ ಹಿಂದಿರುಗಿತು. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಗಾಳಿ ಬೆಳಕು ಧಾರಾಳವಾಗಿರುವಂತೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿದವರಿಗೆ, ರೋಗಭಯದಿಂದ ಮಾಡಿದ ವೆಚ್ಚವು ಊರಿಗೆ ಆಸ್ತಿಯಾಗಿ ಉಳಿಯುವ ಬಗೆಯನ್ನು ವಿವರಿಸಬೇಕಾಗಿಲ್ಲ.

ಆ ಪ್ಲೇಗು ಬೆಂಗಳೂರಿಗೆ ಬರುವುದಕ್ಕೆ ಹಿಂದಿನ ವರ್ಷ, 1897ರಲ್ಲಿ, ಬ್ರಿಟಿಷ್ ಸರ್ಕಾರ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು 2020ರಲ್ಲಿಯೂ ನಾವು ಕಪಾಟಿನಿಂದ ತೆಗೆದು ಬಳಸಿದೆವು. ನಾಲ್ಕೇ ಪ್ರಕರಣಗಳಾಗಿ ಹುಟ್ಟಿದ ಆ ಪುಟ್ಟ ಕಾಯಿದೆಯಲ್ಲಿ ತಡೆಯುವ ಅಧಿಕಾರವಿದೆ, ದಂಡಿಸುವ ಅಧಿಕಾರವಿದೆ, ಅಧಿಕಾರಿಗಳಿಗೆ ರಕ್ಷಣೆಯಿದೆ. ಕೆಲಸ ಕಳೆದುಕೊಂಡವನ ವಿಷಯವಾಗಿ ಇರುವುದು ಬರಿಯ ಸೂಚನೆ: ಖರ್ಚುವೆಚ್ಚಗಳನ್ನೂ, ಪರಿಹಾರವೇನಾದರೂ ಇದ್ದಲ್ಲಿ ಅದನ್ನೂ, ಯಾರು ಹೇಗೆ ಭರಿಸತಕ್ಕದ್ದೆಂಬುದನ್ನು ಸರ್ಕಾರ ಗೊತ್ತುಮಾಡಬಹುದು ಎಂಬಷ್ಟು. ಮುಂದಿನ ರೋಗ ಬರುವ ಮೊದಲೇ ನಮ್ಮ ಶಾಸನಕರ್ತರು ಆ ‘ಇದ್ದಲ್ಲಿ’ ಎಂಬ ಮಾತನ್ನು ಹೊಡೆದುಹಾಕಿ, ಎಷ್ಟು ದಿನದ ಬೀಗಕ್ಕೆ ಎಷ್ಟು ದಿನದ ಕೂಲಿ ಎಂಬುದನ್ನು ಅಂಕಿಯಲ್ಲಿ ಬರೆಯಲಿ.