ತಾನೇ ಸ್ಟಾರ್ಟಾಗುವ ಜನರೇಟರ್ ನಮಗೆಲ್ಲ ಬೇಕೆ?

ಕರೆಂಟು ಹೋದ ಹತ್ತು ಸೆಕೆಂಡಿಗೆ ಜನರೇಟರ್ ತಾನೇ ಸ್ಟಾರ್ಟ್ ಆಗುತ್ತದೆ, ಕರೆಂಟು ಬಂದರೆ ತಾನೇ ನಿಲ್ಲುತ್ತದೆ, ನೀವು ಆರಾಮಾಗಿ ಮಲಗಿಕೊಳ್ಳಿ – ಜನರೇಟರ್ ಮಾರುವವರು ಈಗೀಗ ಹೇಳುವ ಮಾತಿದು. ಈ ಕೆಲಸ ಮಾಡುವ ಪೆಟ್ಟಿಗೆಗೆ ಎ.ಎಂ.ಎಫ್. ಪ್ಯಾನೆಲ್ ಎನ್ನುತ್ತಾರೆ. ದೊಡ್ಡಉಳ್ಳಾರ್ತಿ ಸುತ್ತ ಶೇಂಗಾ, ಈರುಳ್ಳಿ ಬೆಳೆಯುವವರೂ, ಎಕರೆ ಎರಡೆಕರೆ ದಾಳಿಂಬೆಗೆ ಡ್ರಿಪ್ ಹಾಕಿದವರೂ ಅದರ ಕೊಟೇಶನ್ ತಂದು ನನಗೆ ತೋರಿಸಿದ್ದುಂಟು. ನನ್ನ ಅಭಿಪ್ರಾಯ ಇಷ್ಟು: ನಮ್ಮಲ್ಲಿ ಹೆಚ್ಚಿನವರಿಗೆ ಆ ಪೆಟ್ಟಿಗೆ ಬೇಡ. ಆದರೆ ಜನರೇಟರ್ ಇಟ್ಟ ಪ್ರತಿಯೊಬ್ಬನಿಗೂ ಬೇಕೇಬೇಕಾದ ಒಂದು ಭಾಗ ಅದರೊಳಗಿದೆ. ಅದನ್ನು ಯಾರೂ ಕೇಳಿ ತೆಗೆದುಕೊಳ್ಳುತ್ತಿಲ್ಲ.

ಆಸೆ ಹುಟ್ಟುವುದು ತಪ್ಪಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬೋರಿನಲ್ಲಿ ನೀರಿದ್ದರೆ ತ್ರೀ ಫೇಸ್ ಇರೋದಿಲ್ಲ, ತ್ರೀ ಫೇಸ್ ಬಂದಾಗ ನಡುರಾತ್ರಿ. 2023ರ ಬರದ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ಕೊಡುತ್ತಿದ್ದ ಏಳು ಗಂಟೆ ಕರೆಂಟು ಐದಕ್ಕೆ ಇಳಿದಾಗ, ಈರುಳ್ಳಿ ಗೆಡ್ಡೆ ಕಟ್ಟುವ ಹೊತ್ತಿನಲ್ಲಿ ಒಣಗಿದ್ದನ್ನು ಕಂಡವರು ಜನರೇಟರ್ ಕಡೆ ನೋಡದೆ ಇನ್ನೇನು ಮಾಡಿಯಾರು?

ಲೆಕ್ಕ ಹಾಕಿ ನೋಡೋಣ. 5 ಎಚ್.ಪಿ. ಮೋಟಾರು ಗಂಟೆಗೆ ಸುಮಾರು ನಾಲ್ಕೂವರೆ ಯುನಿಟ್ ತಿನ್ನುತ್ತದೆ. ಸಣ್ಣ ಡೀಸೆಲ್ ಜನರೇಟರ್ ಒಂದು ಲೀಟರಿಗೆ ಕೊಡುವುದು ಚೆನ್ನಾಗಿದ್ದರೆ ಮೂರು ಯುನಿಟ್. ಅಂದರೆ ಗಂಟೆಗೆ ಒಂದೂವರೆ ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ 135 ರೂಪಾಯಿ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ ಸಿಗುತ್ತಿರುವ ನಮಗೆ ಈ ದುಡ್ಡು ಕೈಯಾರೆ ಎಣಿಸಿಕೊಡುವಂಥದ್ದು. ಬೆಳೆ ಉಳಿಸಲು ನಾಲ್ಕು ಗಂಟೆ ಓಡಿಸುವುದು ಬೇರೆ, ನಾವು ನಿದ್ದೆಯಲ್ಲಿದ್ದಾಗ ಅದು ತಾನೇ ಎದ್ದು ರಾತ್ರಿಯೆಲ್ಲ ಓಡುವುದು ಬೇರೆ. ಪೈಪು ಕಿತ್ತು ನೀರು ಬದುವಿಗೆ ಹರಿಯುತ್ತಿದ್ದರೂ ಪ್ಯಾನೆಲ್ಲಿಗೆ ಅದು ಗೊತ್ತಾಗದು. ನೀರಾವರಿಗೆ ನಿಜವಾದ ಬ್ಯಾಕಪ್ ಎಂದರೆ ಕರೆಂಟು ಇದ್ದಾಗ ತುಂಬಿಸಿಡುವ ತೊಟ್ಟಿ ಅಥವಾ ಹೊಂಡ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಟಾರ್ಪಾಲು ಹಾಸಿ ಹೊಂಡ ಮಾಡಿಕೊಂಡವರು ಅದನ್ನು ಮಳೆನೀರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ.

ಇನ್ನು ಆಟೋ ಸ್ಟಾರ್ಟರ್. ಇದರ ಅನುಭವ ನಮಗೆಲ್ಲ ಇದೆ. ಒಂದು 63 ಕೆವಿಎ ಟಿ.ಸಿ. ಪ್ರತಿ ಫೇಸಿಗೆ ಸುಮಾರು 84 ಆಂಪ್ಸ್ ಕೊಡಬಲ್ಲದು. 5 ಎಚ್.ಪಿ. ಮೋಟಾರಿಗೆ ಓಡುವಾಗ ಏಳೆಂಟು ಆಂಪ್ಸ್ ಸಾಕು, ಏಳುವಾಗ ಅದರ ಆರು ಪಟ್ಟು ಬೇಕು. ಹತ್ತು ಮೋಟಾರು ಒಂದೊಂದಾಗಿ ಎದ್ದರೆ ಟಿ.ಸಿ. ತಡೆದುಕೊಳ್ಳುತ್ತದೆ. ಹತ್ತೂ ಆಟೋದಲ್ಲಿದ್ದು ಕರೆಂಟು ಬಂದ ಗಳಿಗೆಗೇ ಎದ್ದರೆ ನಾನೂರೈವತ್ತು ಆಂಪ್ಸ್! ಫ್ಯೂಸು ಹೋಗದಂತೆ ದಪ್ಪ ತಂತಿ ಕಟ್ಟುವ ಬುದ್ಧಿವಂತರೂ ನಮ್ಮಲ್ಲಿದ್ದಾರಲ್ಲ. ಟಿ.ಸಿ. ಸುಟ್ಟರೆ ಎಲ್ಲರ ಹೊಲಕ್ಕೂ ನೀರಿಲ್ಲ. ಇದೇ ಚಾಳಿಯನ್ನು ಜನರೇಟರಿಗೆ ತಂದರೆ ಇನ್ನೂ ಕಷ್ಟ. 10 ಕೆವಿಎ ಜನರೇಟರ್ ಕೊಡುವುದು ಫೇಸಿಗೆ 14 ಆಂಪ್ಸ್. ಅದರ ಮೇಲೆ ಆಟೋದಲ್ಲಿದ್ದ ಮೋಟಾರು ಒಮ್ಮೆಲೇ ಬಿದ್ದರೆ ಇಂಜಿನ್ ಉಸಿರುಗಟ್ಟುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸ್ಟಾರ್ಟರ್ ಟಕಟಕ ಬಡಿದುಕೊಳ್ಳುತ್ತದೆ. ಕೊನೆಗೆ ವೈಂಡಿಂಗ್ ಖರ್ಚು.

ಹಾಗಾದರೆ ಪ್ಯಾನೆಲ್ ಯಾರಿಗೆ ಬೇಕು? ಮುಚ್ಚಿದ ಶೆಡ್ಡಿನಲ್ಲಿ ಫ್ಯಾನಿನ ಗಾಳಿಯಲ್ಲೇ ಬ್ರಾಯ್ಲರ್ ಕೋಳಿ ಸಾಕುವವರಿಗೆ ಬೇಕು. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಫ್ಯಾನು ನಿಂತು ಅರ್ಧ ಗಂಟೆ ಯಾರೂ ನೋಡದಿದ್ದರೆ ಒಂದು ಬ್ಯಾಚೇ ಹೋದೀತು. ಹಾಲು ತಣಿಸುವ ಯಂತ್ರ ಇಟ್ಟ ಸೊಸೈಟಿಗೂ ಒಪ್ಪುತ್ತದೆ. ಬದಿ ತೆರೆದ ಶೆಡ್ಡು, ನಾಲ್ಕು ಹಸುವಿನ ಕೊಟ್ಟಿಗೆ, ಡ್ರಿಪ್ಪು – ಇಲ್ಲೆಲ್ಲ ಐದು ನಿಮಿಷ ತಡವಾದರೆ ಏನೂ ಮುಳುಗದು. ಕೈಯಲ್ಲಿ ತಿರುಗಿಸುವ ಚೇಂಜ್ ಓವರ್ ಸ್ವಿಚ್ ಧಾರಾಳ ಸಾಕು.

ಎಲ್ಲರಿಗೂ ಬೇಕಾದ ಭಾಗ ಎಂದೆನಲ್ಲ, ಅದು ಇಂಟರ್‌ಲಾಕ್. ಲೈನಿನ ಕರೆಂಟು ಮತ್ತು ಜನರೇಟರಿನ ಕರೆಂಟು ಯಾವ ಕಾರಣಕ್ಕೂ ಒಂದಕ್ಕೊಂದು ತಾಗದಂತೆ ತಡೆಯುವ ಬೀಗ. ಚೇಂಜ್ ಓವರ್ ಸ್ವಿಚ್ಚಿನ ಹಿಡಿ ಒಂದೇ ಆದ್ದರಿಂದ ಅದರಲ್ಲಿ ಬೀಗ ತಾನಾಗಿಯೇ ಇದೆ. ನಮ್ಮ ಕಡೆ ಎಷ್ಟೋ ಮಂದಿ ಇದನ್ನೂ ಹಾಕದೆ ಎರಡು ಕಡೆ ಪ್ಲಗ್ಗಿರುವ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಚುಚ್ಚುತ್ತಾರೆ. ಮೇನ್ ಆಫ್ ಮಾಡುವುದು ಒಂದು ದಿನ ಮರೆತರೆ ಆ ಕರೆಂಟು ಹಿಂದಕ್ಕೆ ಹರಿದು ಟಿ.ಸಿ. ಸೇರುತ್ತದೆ. ಟಿ.ಸಿ.ಗೆ ಹಿಂದು ಮುಂದು ಗೊತ್ತಿಲ್ಲ. 11,000 ವೋಲ್ಟನ್ನು 433ಕ್ಕೆ ಇಳಿಸುವ ಅದೇ ಸುರುಳಿ, ಆ ಕಡೆಯಿಂದ ಬಂದದ್ದನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಂಬಕ್ಕೆ ಕಳಿಸುತ್ತದೆ. ಲೈನ್ ಕ್ಲಿಯರ್ ತಗೊಂಡು ಧೈರ್ಯವಾಗಿ ಕಂಬ ಹತ್ತಿದ ಲೈನ್‌ಮ್ಯಾನ್ ಹುಡುಗ ಅಲ್ಲಿರುತ್ತಾನೆ. ನಮ್ಮದೇ ಊರಿನವನೋ ಪಕ್ಕದ ಹಟ್ಟಿಯವನೋ ಆಗಿರುತ್ತಾನೆ.

ಆಟೋ ಪ್ಯಾನೆಲ್ಲಿನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಎದುರಿಗೆ ಮನುಷ್ಯ ಇಲ್ಲ. ಅದರಲ್ಲಿ ಎರಡು ಕಾಂಟ್ಯಾಕ್ಟರ್ ಇರುತ್ತವೆ, ಒಂದು ಲೈನಿಗೆ, ಒಂದು ಜನರೇಟರಿಗೆ. ಒಂದರ ಕಾಯಿಲ್ಲಿಗೆ ಹೋಗುವ ವೈರನ್ನು ಇನ್ನೊಂದರ ಎನ್.ಸಿ. ಪಾಯಿಂಟ್ ಮೂಲಕ ಹಾಯಿಸುವುದು ವೈರಿನ ಬೀಗ. ಅದೊಂದೇ ಸಾಲದು, ಪಾಯಿಂಟು ಅಂಟಿಕೊಂಡಾಗ ಮೋಸವಾಗುತ್ತದೆ. ಎರಡರ ನಡುವೆ ಸನ್ನೆಯಂಥ ಮೆಕ್ಯಾನಿಕಲ್ ಬೀಗವೂ ಇರಬೇಕು. ಕೊಳ್ಳುವ ಮೊದಲು, ಯಾವ ಕರೆಂಟೂ ಇಲ್ಲದಾಗ ಮುಚ್ಚಳ ತೆಗೆಸಿ ಒಂದು ಕಾಂಟ್ಯಾಕ್ಟರನ್ನು ಒತ್ತಿ ಹಿಡಿಯಲು ಹೇಳಿ, ಇನ್ನೊಂದನ್ನು ಒತ್ತಿಸಿ ನೋಡಿ. ಒತ್ತಲು ಬಂದರೆ ಆ ಪೆಟ್ಟಿಗೆ ಬೇಡ.

ಇನ್ನೂ ಕೆಲವನ್ನು ಕೇಳಿ ಮಾಡಿಸಿಕೊಳ್ಳಿ. ನಮ್ಮಲ್ಲಿ ಸಿಂಗಲ್ ಫೇಸ್ ಕೊಡುವ ಹೊತ್ತು ಬಹಳ. ಒಂದೇ ಫೇಸ್ ನೋಡುವ ಪ್ಯಾನೆಲ್ ಆಗ ಕರೆಂಟಿದೆ ಎಂದೇ ತಿಳಿಯುತ್ತದೆ. ಮೂರೂ ಫೇಸನ್ನೂ ಅವುಗಳ ಸರದಿಯನ್ನೂ ನೋಡುವ ರಿಲೇ ಬೇಕು. ಜನರೇಟರ್ ಕಡೆಯ ಸರದಿ ತಿರುವುಮುರುವಾದರೆ ಫ್ಯಾನು ಉಲ್ಟಾ ತಿರುಗುತ್ತದೆ. ಕರೆಂಟು ಬಂದು ಹೋಗಿ ಆಡುವುದು ನಿಮಗೆ ಗೊತ್ತೇ ಇದೆ, ಆದ್ದರಿಂದ ಮೂರು ನಾಲ್ಕು ನಿಮಿಷ ಸ್ಥಿರವಾಗಿ ನಿಂತ ಮೇಲೆಯೇ ಲೈನಿಗೆ ಮರಳುವಂತೆ ಟೈಮರ್ ಇಡಿಸಿ. ಫ್ಯಾನುಗಳು ಒಂದಾದ ಮೇಲೊಂದು ಏಳಲಿ. ಬೋರಿನ ಮೋಟಾರು ಈ ಪ್ಯಾನೆಲ್ಲಿಗೆ ಸೇರುವುದೇ ಬೇಡ. ತ್ರೀ ಫೇಸ್ ಆದರೆ ನ್ಯೂಟ್ರಲ್ಲೂ ಬದಲಾಗುವ ನಾಲ್ಕು ಪೋಲಿನದು, ಜನರೇಟರಿಗೆ ಅದರದೇ ಅರ್ಥಿಂಗ್. ಬ್ಯಾಟರಿಗೆ ಚಾರ್ಜರ್ ಇಲ್ಲದ ಪ್ಯಾನೆಲ್ ಆರು ತಿಂಗಳಲ್ಲಿ ಅಲಂಕಾರದ ವಸ್ತು. ವಾರಕ್ಕೊಮ್ಮೆ ಹತ್ತು ನಿಮಿಷ ಲೋಡಿನ ಮೇಲೆ ಓಡಿಸದಿದ್ದರೆ ಬೇಕಾದ ದಿನ ಅದು ಏಳುವುದಿಲ್ಲ.

ನನ್ನ ಮುಖ್ಯ ತಕರಾರು ಪ್ಯಾನೆಲ್ ಕೂರಿಸಿ ಹೋಗುವವರ ಮೇಲೆ. ವೈರಿಂಗ್ ನಕ್ಷೆ ಕೇಳಿದರೆ ‘ನಿಮಗ್ಯಾಕಣ್ಣ ಅದೆಲ್ಲ, ಏನಾದ್ರೂ ಆದ್ರೆ ಫೋನ್ ಮಾಡಿ’ ಎನ್ನುತ್ತಾರೆ. ಫೋನ್ ಎತ್ತುವುದಿಲ್ಲ. ಹಳ್ಳಿಯ ವೈರ್‌ಮ್ಯಾನ್ ಬಂದು ಪ್ಯಾನೆಲ್ ಬಿಟ್ಟು ನೇರ ಕೊಟ್ಟು ಹೋಗುತ್ತಾನೆ, ಬೀಗ ಅಲ್ಲಿಗೆ ಮುಗಿಯಿತು. ನಕ್ಷೆಯನ್ನು ಮುಚ್ಚಳದ ಒಳಗೆ ಅಂಟಿಸಿ, ವೈರಿಗೆಲ್ಲ ನಂಬರ್ ಹಾಕಿದ ಮೇಲೆಯೇ ಕೊನೆಯ ಕಂತು ಕೊಡಿ. ಕೈ ಚೇಂಜ್ ಓವರ್ ಆಗಲಿ ಆಟೋ ಆಗಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಮೀಟರ್ ಬೋರ್ಡಿನ ಮೇಲೆ ‘ಇಲ್ಲಿ ಜನರೇಟರ್ ಇದೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿ. ಬೆಸ್ಕಾಂ ಸೆಕ್ಷನ್ ಆಫೀಸಿಗೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ನಿಮ್ಮ ಲೈನ್‌ಮ್ಯಾನ್‌ಗೆ ಬಾಯಲ್ಲೂ ಹೇಳಿಡಿ.