ಎಂಟು ಬೋರ್ಡು, ಮೂವರು ಧಣಿಗಳು

ಪೈಪೋಟಿಯೇ ಗಿರಾಕಿಯ ರಕ್ಷಕ ಎಂದು ಬಂಡವಾಳಶಾಹಿಯ ಪಂಡಿತರು ಬೋಧಿಸುತ್ತ ಬಂದಿದ್ದಾರೆ. ಅಂಗಡಿ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ, ಒಳ್ಳೆಯ ಸೇವೆ ಮಾಡಿದವನ ಬಳಿಗೆ ಗಿರಾಕಿ ತಾನಾಗಿ ಮರಳುತ್ತಾನೆ ಎಂಬುದು ಅವರ ಪಾಠ. ಈ ಪಾಠದ ತವರಾದ ಅಮೆರಿಕದಲ್ಲಿ ಬಾಡಿಗೆ ಕಾರಿನ ವ್ಯಾಪಾರ ಹೇಗೆ ನಡೆದಿದೆ ನೋಡೋಣ.

ಅಲ್ಲಿ ವಿಮಾನದಿಂದ ಇಳಿದವನು ದಿನದ ಲೆಕ್ಕದಲ್ಲಿ ಕಾರು ಪಡೆದು ತಾನೇ ಓಡಿಸಿಕೊಂಡು ಹೋಗುತ್ತಾನೆ. ನಿಲ್ದಾಣದಲ್ಲಿ ಸಾಲಾಗಿ ಬೋರ್ಡುಗಳು: ಹರ್ಟ್ಜ್, ಡಾಲರ್, ಥ್ರಿಫ್ಟಿ, ಏವಿಸ್, ಬಜೆಟ್, ಎಂಟರ್‌ಪ್ರೈಸ್, ನ್ಯಾಷನಲ್, ಅಲಾಮೊ. ಎಂಥ ಪೈಪೋಟಿ ಎನಿಸುತ್ತದೆ! ಆದರೆ ಈ ಎಂಟು ಬೋರ್ಡುಗಳ ಹಿಂದಿರುವ ಧಣಿಗಳು ಮೂವರೇ. ನ್ಯಾಷನಲ್, ಅಲಾಮೊಗಳನ್ನು ಎಂಟರ್‌ಪ್ರೈಸ್ 2007ರಲ್ಲಿ ಕೊಂಡಿತು. ಡಾಲರ್, ಥ್ರಿಫ್ಟಿಗಳನ್ನು ಹರ್ಟ್ಜ್ 2012ರಲ್ಲಿ ನುಂಗಿತು. ಬಜೆಟ್ 2002ರಿಂದ ಏವಿಸ್ ಮನೆಯದೇ. ದರ ಹೆಚ್ಚಾಯಿತೆಂದು ಹರ್ಟ್ಜ್ ಬಿಟ್ಟು ಡಾಲರ್‌ಗೆ ಹೋದವನ ಹಣ ಬೀಳುವುದು ಅದೇ ಪೆಟ್ಟಿಗೆಗೆ. ಒಬ್ಬನೇ ಸಾಹುಕಾರ ನಮ್ಮ ಪೇಟೆಯಲ್ಲಿ ಮೂರು ಹೆಸರಿನ ಅಂಗಡಿ ತೆರೆದರೆ ಅದನ್ನು ಪೈಪೋಟಿ ಎನ್ನುತ್ತೇವೆಯೇ?

ಇನ್ನು ಗಿರಾಕಿಯ ನಿಷ್ಠೆಯ ಮಾತು. ನಮ್ಮ ಕಿರಾಣಿ ಅಂಗಡಿಯವನಿಗೂ ಅವನ ಕಾಯಂ ಗಿರಾಕಿಗೂ ಇರುವ ನಂಬಿಕೆ ಎರಡು ಕಡೆಯದು. ತಿಂಗಳ ಕೊನೆಗೆ ಕೈ ಬರಿದಾದ ಕಾರ್ಮಿಕನಿಗೆ ಅವನು ಉದ್ರಿ ಕೊಡುತ್ತಾನೆ. ಪಗಾರದ ದಿನ ಕಾರ್ಮಿಕನು ಮೊದಲು ಅವನ ಬಾಕಿ ತೀರಿಸುತ್ತಾನೆ. ಈ ಕಂಪನಿಗಳಾದರೋ ನಿಷ್ಠೆಯನ್ನು ಅಂಕ ಕೊಟ್ಟು ಕೊಳ್ಳುತ್ತವೆ. ಪ್ರತಿ ಬಾಡಿಗೆಗೆ ಇಷ್ಟು ಅಂಕ, ಅಂಕ ತುಂಬಿದರೆ ಒಂದು ದಿನ ಪುಕ್ಕಟೆ ಕಾರು. ಕಚೇರಿ ಕೆಲಸಕ್ಕೆ ಓಡಾಡುವ ಅಧಿಕಾರಿಯ ಬಾಡಿಗೆ ಕೊಡುವುದು ಅವನ ಕಚೇರಿ, ಅಂಕ ಸೇರುವುದು ಅವನ ಹೆಸರಿಗೆ. ದರ ಏರಿದರೆ ಅವನಿಗೇನು ನಷ್ಟ? ಬೆಲೆ ಕೇಳುವ ಅಭ್ಯಾಸವನ್ನೇ ಬಿಡಿಸುವ ಉಪಾಯವಿದು.

ಕಷ್ಟಕಾಲ ಬಂದಾಗ ಕಂಪನಿ ಯಾರಿಗೆ ನಿಷ್ಠವಾಗಿತ್ತು? 2020ರ ಏಪ್ರಿಲ್‌ನಲ್ಲಿ, ಮಹಾಮಾರಿಯ ನಡುವೆ, ಹರ್ಟ್ಜ್ 10,000 ಮಂದಿ ನೌಕರರನ್ನು ಮನೆಗೆ ಕಳಿಸಿತು. ಮೇ 22ರಂದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ದಿನ ಮೊದಲು ಮೇಲಧಿಕಾರಿಗಳಿಗೆ ಸುಮಾರು 1 ಕೋಟಿ 60 ಲಕ್ಷ ಡಾಲರ್ ಬೋನಸ್ ಹಂಚಿತ್ತು! ಬೋನಸ್‌ಗಾಗಿ ಗಿರಣಿಯ ಬಾಗಿಲಲ್ಲಿ ಕೂಗಿ ಗಂಟಲು ಒಣಗಿಸಿಕೊಂಡವರು ಇದನ್ನು ಮತ್ತೊಮ್ಮೆ ಓದಿಕೊಳ್ಳಲಿ. ಬಾಡಿಗೆ ಕಂಪನಿಗಳು ಆಗ ಕಾರುಗಳನ್ನು ರಾಶಿ ರಾಶಿಯಾಗಿ ಮಾರಿದವು. 2021ರಲ್ಲಿ ಪ್ರಯಾಣಿಕರು ಮರಳಿ ಬಂದಾಗ ಕಾರು ಸಾಲದೆ ದರ ಆಕಾಶಕ್ಕೇರಿತು. ಹವಾಯಿ ದ್ವೀಪದಲ್ಲಿ ಪ್ರವಾಸಿಗಳು ಮನೆಸಾಮಾನು ಸಾಗಿಸುವ ಲಾರಿಗಳನ್ನು ಬಾಡಿಗೆಗೆ ಹಿಡಿದು ಊರು ನೋಡಿದರು. ನೂರಾರು ಗಿರಾಕಿಗಳಂತೂ, ತಾವು ಬಾಡಿಗೆಗೆ ಪಡೆದ ಕಾರನ್ನೇ ಕದ್ದ ಮಾಲೆಂದು ಹರ್ಟ್ಜ್ ಪೊಲೀಸರಿಗೆ ಸುಳ್ಳು ದೂರು ಕೊಟ್ಟಿತೆಂದು ಕೋರ್ಟಿಗೆ ಹೋದರು. 364 ಮೊಕದ್ದಮೆಗಳನ್ನು 2022ರ ಡಿಸೆಂಬರ್‌ನಲ್ಲಿ ಕಂಪನಿ ಸುಮಾರು 16 ಕೋಟಿ 80 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಅಮೆರಿಕದ ಮಾತು ನಮಗೇಕೆ ಎನ್ನುವವರು ಬೆಂಗಳೂರಿನ ಕಡೆ ನೋಡಲಿ. ಅಲ್ಲಿಯ ಟ್ಯಾಕ್ಸಿ ಫಾರ್ ಶ್ಯೂರ್ ಕಂಪನಿಯನ್ನು ಓಲಾ 2015ರ ಮಾರ್ಚ್‌ನಲ್ಲಿ ಕೊಂಡು 2016ರ ಆಗಸ್ಟ್‌ನಲ್ಲಿ ಮುಚ್ಚಿತು. ಓಲಾ ಅಸಲಿಗಿಂತ ಕಡಿಮೆ ದರದಲ್ಲಿ ಓಡಿಸಿ ತಮ್ಮನ್ನು ಮುಗಿಸುತ್ತಿದೆ ಎಂದು ಬೇರೆ ಟ್ಯಾಕ್ಸಿ ಕಂಪನಿಗಳು ಸ್ಪರ್ಧಾ ಆಯೋಗಕ್ಕೆ ದೂರಿತ್ತವು. ಊಬರ್ ಎಂಬ ಎದುರಾಳಿ ಇರುವುದರಿಂದ ಓಲಾ ಪ್ರಬಲ ಸ್ಥಾನದಲ್ಲಿಲ್ಲ ಎಂದು ಆಯೋಗ 2017ರಲ್ಲಿ ದೂರನ್ನು ತಳ್ಳಿಹಾಕಿತು. ಪ್ರೋತ್ಸಾಹಧನದ ಆಸೆಗೆ ಸಾಲ ಮಾಡಿ ಕಾರು ಕೊಂಡ ಚಾಲಕರು, ಆ ಹಣ ಇಳಿದಾಗ, ಅದೇ ವರ್ಷ ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು.

ಕಾನೂನಿನ ತೂತು ಇಲ್ಲಿದೆ. 2002ರ ಸ್ಪರ್ಧಾ ಕಾಯಿದೆಯು ಅಸಲಿಗಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಕೊಲ್ಲುವುದನ್ನು ಅಪರಾಧವೆಂದು ಎಣಿಸುವುದು, ಮಾರುವವನು ಆಗಲೇ ಪೇಟೆಯಲ್ಲಿ ಪ್ರಬಲನಾಗಿದ್ದರೆ ಮಾತ್ರ. ಅವನು ಪ್ರಬಲನೆಂದು ಸಾಬೀತಾಗುವ ಹೊತ್ತಿಗೆ ಎದುರಾಳಿ ಉಳಿದಿರುವುದಿಲ್ಲ. ಸಾಲ ತಂದು ಸರಕು ತುಂಬುವ ಸಣ್ಣ ವ್ಯಾಪಾರಿ ನಷ್ಟದಲ್ಲಿ ಎಷ್ಟು ದಿನ ಮಾರಬಲ್ಲ? ಹೊರಗಿನ ಬಂಡವಾಳ ಬೆನ್ನಿಗಿರುವವನು ವರ್ಷಗಟ್ಟಲೆ ಮಾರಬಲ್ಲ.

ಆದ್ದರಿಂದ ವ್ಯಾಪಾರಿಗಳ ಸಂಘವೂ ಕಾರ್ಮಿಕರ ಸಂಘವೂ ಒಂದೇ ದನಿಯಲ್ಲಿ ಕೇಳಬೇಕಾದದ್ದು ಮೂರು: ಪ್ರತಿ ಬೋರ್ಡಿನ ಮೇಲೂ ನಿಜವಾದ ಧಣಿಯ ಹೆಸರು ಬರೆಯಬೇಕು, ಎದುರಾಳಿಯನ್ನು ಕೊಂಡು ಮುಚ್ಚುವ ವ್ಯವಹಾರಕ್ಕೆ ತಡೆ ಇರಬೇಕು, ಹೊರಗಿನ ಹಣದ ಬಲದಿಂದ ಅಸಲಿಗಿಂತ ಕಡಿಮೆಗೆ ಮಾರುವವನನ್ನು ಅವನು ಪ್ರಬಲನಾಗುವ ಮೊದಲೇ ಕಾನೂನು ಹಿಡಿಯಬೇಕು. ಇಂದು ಅಗ್ಗವೆಂದು ಸುಮ್ಮನಿದ್ದರೆ, ನಾಳೆ ಅವನು ಹೇಳಿದ್ದೇ ಬೆಲೆ, ಕೊಟ್ಟದ್ದೇ ಕೂಲಿ.